ಮಳೆಗಾಲಕ್ಕೆ ಯಾವ ಎಡಿಎಎಸ್: ಕ್ಯಾಮೆರಾ ಸಾಕೇ, ರಾಡಾರ್ ಬೇಕೇ?

ಸ್ವಯಂಚಾಲನೆಯ ಮೊದಲ ಮೆಟ್ಟಿಲಾದ ಎಡಿಎಎಸ್ (ಮುಂದಿನ ವಾಹನ, ಲೇನ್ ಗಮನಿಸಿ ಚಾಲಕನಿಗೆ ನೆರವಾಗುವ ವ್ಯವಸ್ಥೆ) ಇರುವ ಕಾರು ಕೊಳ್ಳುವವರು ಸನ್‌ರೂಫ್ ನೋಡುವ ಮೊದಲು ಕೇಳಬೇಕಾದದ್ದು: ಇದರಲ್ಲಿ ರಾಡಾರ್ ಇದೆಯೇ? ಹೋಂಡಾ ಎಲಿವೇಟ್ ಮುಂಗಾಜಿನ ಹಿಂದಿನ ಒಂದೇ ಕ್ಯಾಮೆರಾವನ್ನು ನಂಬಿದೆ. ಮಹೀಂದ್ರ ಎಕ್ಸ್‌ಯುವಿ 700ರ ಮೇಲ್ದರ್ಜೆಯ ಮಾದರಿಗಳಲ್ಲಿ ಕ್ಯಾಮೆರಾ, ರಾಡಾರ್ ಎರಡೂ ಇವೆ.

ಬಿಸಿಲಿನ ಹೆದ್ದಾರಿಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು. ಶಿರಾಡಿ ಘಾಟಿಯ ಜುಲೈ ಮಳೆಯಲ್ಲಿ ತಿಳಿಯುತ್ತದೆ. ಕ್ಯಾಮೆರಾಕ್ಕೂ ನಮ್ಮ ಕಣ್ಣಿನ ಕಷ್ಟವೇ: ಮುಂದಿನ ಲಾರಿ ಎರಚುವ ಕೆಸರುನೀರು, ಮಂಜು, ಎದುರಿನ ದೀಪದ ಪ್ರಖರತೆ. ರಾಡಾರ್ ಬಳಸುವ 77 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಮಂಜಿನ ಹನಿ ಅದಕ್ಕಿಂತ ನೂರಾರು ಪಟ್ಟು ಸಣ್ಣದು. ಅಲೆ ಅದನ್ನು ದಾಟಿಹೋಗಿ ಮುಂದಿನ ವಾಹನದ ದೂರ, ವೇಗ ಎರಡನ್ನೂ ಅಳೆದು ತರುತ್ತದೆ. ಜಡಿಮಳೆಯ ದಪ್ಪ ಹನಿಗೆ ಅದೂ ಸ್ವಲ್ಪ ಮಂಕಾಗುತ್ತದೆ; ಅದರ ಮುಚ್ಚಳಕ್ಕೆ ಕೆಸರು ಮೆತ್ತಿಕೊಂಡರೆ ಕೆಲಸವನ್ನೇ ನಿಲ್ಲಿಸಬಹುದು.

ರಸ್ತೆಯ ಬಿಳಿ ಪಟ್ಟೆಯನ್ನು ಗುರುತಿಸುವುದು ಮಾತ್ರ ಎರಡರಲ್ಲೂ ಕ್ಯಾಮೆರಾವೇ. ನೀರು ನಿಂತು ಪಟ್ಟೆ ಮರೆಯಾದರೆ ಲೇನ್ ಕಾಯುವ ನೆರವು ಎರಡರಲ್ಲೂ ಕೈಕೊಡುತ್ತದೆ.

ಹೆಚ್ಚಾಗಿ ನಗರದೊಳಗೇ ಓಡಾಡುವವರಿಗೆ ಕ್ಯಾಮೆರಾ ಸಾಕು. ಮಳೆಗಾಲದಲ್ಲೂ ಮಂಗಳೂರು, ಮಡಿಕೇರಿ ಕಡೆ ಹೋಗಿಬರುವವರು ರಾಡಾರ್ ಇರುವುದನ್ನೇ ಕೊಳ್ಳಲಿ. ಯಾವ ಕಾರಾದರೂ ಸರಿ, ಒದ್ದೆ ಘಾಟಿಯಲ್ಲಿ ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಆಫ್ ಮಾಡಿಯೇ ಇಳಿಯಿರಿ.