ಕಪ್ ಸ್ಕೀಮ್, ಎಂಟು ಸೀಸನ್ ಬಳಸಿದ ಮೇಲೆ: ದುಡ್ಡು ಕಟ್ಟಿದ ಸೀಟು ನಾಲ್ಕೇ ಸಲ ಸಿಕ್ಕಿತು

ಸೀಸನ್ ಟಿಕೆಟ್ ನವೀಕರಿಸಿ ಅಂತ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮೇಲ್ ಬಂದು ಮೂರು ದಿನ ಆಯಿತು. ಫಾರಂ ಕೊನೆಯಲ್ಲಿ 'ಕಪ್ ಸ್ಕೀಮ್' ಅಂತ ಇದೆ, ಪಕ್ಕದಲ್ಲಿ ಟಿಕ್ ಹಾಕುವ ಜಾಗ. 2016ರಿಂದ ಪ್ರತಿ ವರ್ಷ ಓದದೇ ಟಿಕ್ ಹಾಕುತ್ತಿದ್ದೆ. ಈ ಸಲ ಕೈ ಅಲ್ಲೇ ನಿಂತಿದೆ. ಕೋವಿಡ್‌ನಲ್ಲಿ ಗೇಟು ಮುಚ್ಚಿದ್ದ ಒಂದು ಸೀಸನ್ ಬಿಟ್ಟರೆ ಎಂಟು ಸೀಸನ್ ಬಳಸಿದ್ದೇನೆ. ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಕೆಲವರು ಇದನ್ನು ತಗೋಬಹುದಾ ಅಂತ ಕೇಳಿದ್ದರು. ಅವರಿಗಾಗಿ ಬರೆಯುತ್ತಿದ್ದೇನೆ. ಕ್ಲಬ್ಬಿನ ಹೆಸರು ಬೇಡ. ಪ್ರೀಮಿಯರ್ ಲೀಗ್‌ನ ಕೆಳಗಿನ ಎರಡನೇ ಹಂತ ಚಾಂಪಿಯನ್‌ಶಿಪ್, ಅಲ್ಲಿನ ಒಂದು ಕ್ಲಬ್, ಅಷ್ಟು ಸಾಕು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಸೀಸನ್ ಟಿಕೆಟ್‌ನಲ್ಲಿ ಬರುವುದು ಲೀಗ್ ಪಂದ್ಯಗಳು ಮಾತ್ರ. ಎಫ್‌ಎ ಕಪ್, ಲೀಗ್ ಕಪ್ ಅಂತ ಸೋತರೆ ಹೊರಗೆ ಅನ್ನುವ ಎರಡು ಟೂರ್ನಿ ಇವೆ, ಎರಡಕ್ಕೂ ಬೇರೆ ದುಡ್ಡು. ಕಪ್ ಸ್ಕೀಮ್‌ಗೆ ಸೇರಿದರೆ, ಯಾರ ಜೊತೆ, ಎಲ್ಲಿ ಆಟ ಅಂತ ಚೀಟಿ ಎತ್ತುವಾಗ ನಮ್ಮ ಮೈದಾನ ಬಂದಾಗಲೆಲ್ಲ ಕಾರ್ಡ್‌ನಿಂದ ದುಡ್ಡು ತಾನಾಗಿಯೇ ಹೋಗುತ್ತದೆ. ಅದಕ್ಕೆ ಬದಲಾಗಿ ನಿಮ್ಮ ಮಾಮೂಲಿ ಸೀಟನ್ನು ನಿಮಗೇ ಇಡುತ್ತಾರೆ. ಎಂಟು ಸೀಸನ್‌ನಲ್ಲಿ ಹದಿನಾಲ್ಕು ಪಂದ್ಯಕ್ಕೆ ಸುಮಾರು 250 ಪೌಂಡ್ ಹೋಗಿದೆ. ದುಡ್ಡಿನ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ.

ತಕರಾರು ಸೀಟಿನದು.

ನನ್ನದು ಪೂರ್ವ ಸ್ಟ್ಯಾಂಡಿನ ಮೇಲಿನ ಅಂತಸ್ತು. ಮೆಟ್ಟಿಲು ಹತ್ತಿ ಬಂದಾಗ ಮೊದಲು ಹಸಿರು ಕಾಣುತ್ತದೆ, ಆಮೇಲೆ ಎದುರಿನ ಸ್ಟ್ಯಾಂಡ್, ಆಮೇಲೆ ಆಕಾಶ. ಸೀಟಿನ ಕೀಲು ಸ್ವಲ್ಪ ಸಡಿಲ, ಕೂರುವಾಗ ಒಂದು ಸಲ ಕಿರ್ ಅನ್ನುತ್ತದೆ. ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಹೋಗುವುದು ನನ್ನ ಅಭ್ಯಾಸ. ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸುವ ಹೊತ್ತಿಗೆ ಪಕ್ಕದ ಸೀಟಿನ ಅಜ್ಜ ಬರುತ್ತಾರೆ. ಎಪ್ಪತ್ತು ದಾಟಿದವರು. ಟೋಪಿ ತೆಗೆದು ಮಂಡಿ ಮೇಲೆ ಇಟ್ಟುಕೊಳ್ಳುತ್ತಾರೆ, ಪಂದ್ಯ ಶುರುವಾದ ಮೇಲೆ ಮತ್ತೆ ಹಾಕಿಕೊಳ್ಳುತ್ತಾರೆ. ನನ್ನ ಮಗಳು ಅವರನ್ನು ಕನ್ನಡದಲ್ಲೇ 'ಅಜ್ಜ' ಅಂತ ಕರೆಯುತ್ತಾಳೆ. ಅವರೂ ತಿರುಗಿ ನೋಡುತ್ತಾರೆ. ಫ್ಲಾಸ್ಕಿನ ಮುಚ್ಚಳದಲ್ಲಿ ಅವರಿಗೂ ಎರಡು ಗುಟುಕು ಕೊಡುವುದು ನಮ್ಮಲ್ಲಿ ಪದ್ಧತಿಯೇ ಆಗಿಬಿಟ್ಟಿದೆ.

ಕಪ್ ಪಂದ್ಯದ ದಿನ ಇದ್ಯಾವುದೂ ಇಲ್ಲ. 'ಈ ಪಂದ್ಯಕ್ಕೆ ನಿಮ್ಮ ಸ್ಟ್ಯಾಂಡ್ ತೆರೆಯುವುದಿಲ್ಲ, ನಿಮಗೆ ಬೇರೆ ಸೀಟು ಕೊಡಲಾಗಿದೆ' ಅಂತ ಮೇಲ್ ಬರುತ್ತದೆ. ಹದಿನಾಲ್ಕರಲ್ಲಿ ನನ್ನ ಸೀಟು ನನಗೆ ಸಿಕ್ಕಿದ್ದು ನಾಲ್ಕೇ ಸಲ. ಆ ನಾಲ್ಕು ಸಲವೂ ಎದುರಾಳಿ ದೊಡ್ಡ ಕ್ಲಬ್. ಉಳಿದ ಹತ್ತು ಸಲ ಕಂಪ್ಯೂಟರ್ ಎಲ್ಲಿ ಬಿಸಾಕಿತೋ ಅಲ್ಲಿ. ಒಂದು ಸಲ ನಾನು ಕಾರ್ನರ್ ಬಾವುಟದ ಹತ್ತಿರ, ಅಜ್ಜ ಮೈದಾನದ ಆ ಕಡೆ. ಅರ್ಧ ಸಮಯದಲ್ಲಿ ನಮ್ಮನ್ನು ಹುಡುಕಿ, ಟೋಪಿ ಎತ್ತಿ ಬೀಸಿದರು. ಮಧ್ಯದಲ್ಲಿ ಎಷ್ಟು ಖಾಲಿ ಇತ್ತು ಅಂದರೆ ಅಷ್ಟು ದೂರದಿಂದಲೂ ಆ ಟೋಪಿ ಯಾರದು ಅಂತ ಗೊತ್ತಾಯಿತು.

ಸ್ಟ್ಯಾಂಡ್ ಯಾಕೆ ಮುಚ್ಚುತ್ತಾರೆ ಅಂತ ನನಗೆ ಅರ್ಥವಾಗುತ್ತದೆ. ಪ್ರತಿ ಸ್ಟ್ಯಾಂಡಿಗೂ ಸಿಬ್ಬಂದಿ ಬೇಕು, ದೀಪ ಬೇಕು, ಆಮೇಲೆ ಕಸ ಗುಡಿಸಬೇಕು. ಲೀಗ್ ಪಂದ್ಯದ ಕಾಲು ಭಾಗ ಜನವೂ ಬರದಿದ್ದರೆ ಎಲ್ಲಾ ತೆರೆದು ಏನು ಮಾಡುತ್ತಾರೆ? ಆದರೆ ಈ ಸ್ಕೀಮ್ ಮಾರುವುದೇ 'ನಿಮ್ಮ ಸೀಟು ನಿಮಗೆ' ಅಂತ. ಆ ಒಂದು ಮಾತನ್ನು ನಂಬಿ ಪ್ರತಿ ವರ್ಷ ಮೊದಲೇ ಹೆಸರು ಕೊಟ್ಟವರು ನಾವು. ಯಾರೂ ಬರದ ದಿನವೂ ಬರುತ್ತೇವೆ ಅಂತ ಬರೆದುಕೊಟ್ಟವರು. ನಮ್ಮನ್ನೇ ಮೂಲೆ ಮೂಲೆಗೆ ಚದುರಿಸಿದರೆ ಬೇಜಾರಾಗುತ್ತದೆ.

ಜನ ಯಾಕೆ ಬರಲ್ಲ ಅನ್ನುವುದಕ್ಕೆ ಕಾರಣ ಒಂದಲ್ಲ. ಸೀಸನ್ ಟಿಕೆಟ್‌ಗೆ ಅಷ್ಟು ಕೊಟ್ಟ ಮೇಲೆ ಮತ್ತೆ ಜೇಬಿಗೆ ಕೈ ಹಾಕಬೇಕು. ಪಂದ್ಯ ಮಂಗಳವಾರ ರಾತ್ರಿ ಪೌಣೆ ಎಂಟಕ್ಕೆ, ಮಕ್ಕಳಿಗೆ ಮಾರನೇ ದಿನ ಶಾಲೆ. ಹೋಗಿ ನೋಡಿದರೆ ಶನಿವಾರ ಆಡಿದ ಹನ್ನೊಂದು ಜನರಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಕೋಚ್‌ಗಳನ್ನು ಬಯ್ಯುವುದು ಸುಲಭ. ಅವರ ಲೆಕ್ಕವನ್ನೂ ನೋಡಬೇಕು. ಚಾಂಪಿಯನ್‌ಶಿಪ್‌ನಲ್ಲಿ 24 ಕ್ಲಬ್, ತಲಾ 46 ಲೀಗ್ ಪಂದ್ಯ. ಮೇಲಕ್ಕೆ ಹೋಗಿ ಪ್ರೀಮಿಯರ್ ಲೀಗ್‌ನಲ್ಲಿ ಕಟ್ಟಕಡೆಗೆ ಬಂದರೂ ವರ್ಷಕ್ಕೆ ಹತ್ತು ಕೋಟಿ ಪೌಂಡ್‌ಗಿಂತ ಜಾಸ್ತಿ ಸಿಗುತ್ತದೆ. ಎಫ್‌ಎ ಕಪ್ ಫೈನಲ್ ಗೆದ್ದರೆ ಸುಮಾರು ಇಪ್ಪತ್ತು ಲಕ್ಷ. ಲೀಗ್ ಕಪ್ ಗೆದ್ದವರಿಗೆ ಬರೀ ಒಂದು ಲಕ್ಷ. ಆಗಸ್ಟ್‌ನಲ್ಲಿ ಲೀಗ್ ಕಪ್ಪಿನ ಮೊದಲ ಸುತ್ತಿಗೆ ಒಳ್ಳೆಯ ಸ್ಟ್ರೈಕರ್‌ನನ್ನು ಇಳಿಸಿ, ಅವನ ತೊಡೆ ಹಿಡಿದುಕೊಂಡರೆ ಯಾರಿಗೆ ಉತ್ತರ ಹೇಳಬೇಕು?

ಕಪ್ಪನ್ನು ಕಡೆಗಣಿಸುವ ಈ ದಾರಿ ತೋರಿಸಿದ್ದು ಮೇಲಿನ ದೊಡ್ಡ ಕ್ಲಬ್‌ಗಳೇ. 1999-2000ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎಫ್‌ಎ ಕಪ್ ಆಡಲೇ ಇಲ್ಲ. ಹಿಂದಿನ ವರ್ಷ ಗೆದ್ದಿದ್ದ ಕಪ್ ಅದು. ಅದನ್ನು ಬಿಟ್ಟು ಬ್ರೆಜಿಲ್‌ಗೆ ಹೊಸ ವಿಶ್ವ ಕ್ಲಬ್ ಟೂರ್ನಿ ಆಡಲು ಹೋದರು. ಯುರೋಪಿನ ಕಪ್ ವಿನ್ನರ್ಸ್ ಕಪ್ ಕೂಡ 1999ರಲ್ಲೇ ನಿಂತುಹೋಯಿತು. ದೇಶದ ಕಪ್ ಗೆದ್ದವರಿಗೇ ಅಂತ ಇದ್ದ ಟೂರ್ನಿ ಅದು. ಲೀಗ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರೆ ಯುರೋಪಿನ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್, ಕಪ್ ಗೆದ್ದರೆ ಅದಕ್ಕಿಂತ ಕೆಳಗಿನದು ಅಂತಾದ ಮೇಲೆ, ದೊಡ್ಡ ಕ್ಲಬ್‌ಗಳು ಯಾವುದಕ್ಕೆ ಓಡುತ್ತವೆ ಅಂತ ಕೇಳಬೇಕಾ?

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲೀಗ್ ಪಂದ್ಯದಲ್ಲಿ ಮೈಕಿನಲ್ಲಿ ಹೇಳುವ ಪ್ರೇಕ್ಷಕರ ಸಂಖ್ಯೆ ಸಾಮಾನ್ಯವಾಗಿ ಮಾರಾಟವಾದ ಟಿಕೆಟ್ಟಿನದು. ಸೀಸನ್ ಟಿಕೆಟ್ ಇದ್ದು ಮನೆಯಲ್ಲೇ ಕೂತವರೂ ಅದರಲ್ಲಿ ಸೇರಿರುತ್ತಾರೆ. ಕಪ್ ಪಂದ್ಯದಲ್ಲಿ ಆ ಅನುಕೂಲ ಇಲ್ಲ. ಆ ರಾತ್ರಿಗೆ ಅಂತಲೇ ಟಿಕೆಟ್ ತಗೊಂಡವರು ಮಾತ್ರ ಲೆಕ್ಕಕ್ಕೆ. ಹಾಗಾಗಿ ಕಾಗದದ ಮೇಲೆ ಕಪ್ಪಿನ ಕುಸಿತ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಟಿಕೆಟ್ ಅಗ್ಗ ಮಾಡಿದರೆ ಜನ ಬರುತ್ತಾರೆ ಅನ್ನುವುದಕ್ಕೂ ಸಾಕ್ಷಿ ಇದೆ. 2020ರ ಫೆಬ್ರವರಿಯಲ್ಲಿ ಎಫ್‌ಎ ಕಪ್ಪಿನಲ್ಲಿ ಲಿವರ್‌ಪೂಲ್ ಮತ್ತು ಶ್ರೂಸ್‌ಬರಿ ನಡುವಿನ ರಿಪ್ಲೇ, ಅಂದರೆ ಮೊದಲ ಪಂದ್ಯ ಸಮವಾಗಿದ್ದಕ್ಕೆ ಇನ್ನೊಂದು ತಂಡದ ಮೈದಾನದಲ್ಲಿ ಮತ್ತೆ ಆಡಿದ ಪಂದ್ಯ. ಲಿವರ್‌ಪೂಲ್‌ನ ಮುಖ್ಯ ತಂಡ ಚಳಿಗಾಲದ ರಜೆಯಲ್ಲಿತ್ತು. ಕೋಚ್ ಕ್ಲಾಪ್ ಕೂಡ ಬರಲಿಲ್ಲ. ಹುಡುಗರ ತಂಡ ಆಡಿತು, ನೀಲ್ ಕ್ರಿಚ್ಲಿ ನಡೆಸಿದರು. ಟಿಕೆಟ್ ದರ ಇಳಿಸಿದ್ದರು. ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ಗೆ ಐವತ್ತು ಸಾವಿರಕ್ಕೂ ಜಾಸ್ತಿ ಜನ ಬಂದರು. ಯಾವತ್ತೂ ಟಿಕೆಟ್ ಸಿಗದ ಮನೆಗಳ ಮಕ್ಕಳು ಅವತ್ತು ಒಳಗೆ ಬಂದರು. ಹುಡುಗರು 1-0 ಗೆದ್ದರು. ನಮ್ಮ ಕ್ಲಬ್ ಎಫ್‌ಎ ಕಪ್ಪಿನ ಮೂರನೇ ಸುತ್ತಿನಲ್ಲಿ ದೊಡ್ಡ ಎದುರಾಳಿ ಸಿಕ್ಕಾಗ ನನ್ನಿಂದ 35 ಪೌಂಡ್ ತಗೊಂಡಿದೆ. ಸ್ಕೀಮ್‌ನಲ್ಲಿ ಇದ್ದಿದ್ದರಿಂದ ಬೇಡ ಅನ್ನುವ ದಾರಿಯೂ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿ ಎರಡು ಸ್ಟಾರ್ ಕೊಟ್ಟು ಹೋಗಬಹುದಿತ್ತು. ಆದರೆ 2022ರ ಆಗಸ್ಟ್‌ನ ಒಂದು ರಾತ್ರಿ ಇದೆ.

ಲೀಗ್ ಕಪ್, ಮೊದಲ ಸುತ್ತು. ನನಗೆ ಹತ್ತು ಪೌಂಡ್, ಮಗಳಿಗೆ ಐದು. ಅವಳಿಗೆ ಆಗ ಏಳು ವರ್ಷ, ಮೊದಲ ಪಂದ್ಯ. ಎಂದಿನಂತೆ ನಮ್ಮ ಸ್ಟ್ಯಾಂಡ್ ಮುಚ್ಚಿತ್ತು. ಗೋಲಿನ ಹಿಂದೆ, ಐದನೇ ಸಾಲಿಗೆ ಹಾಕಿದ್ದರು. ಗೊಣಗುತ್ತಲೇ ಕೂತೆ. ಐದು ನಿಮಿಷದಲ್ಲಿ ಗೊಣಗುವುದು ನಿಂತಿತು. ಮೇಲಿನ ಅಂತಸ್ತಿನಿಂದ ಅಷ್ಟು ವರ್ಷ ನೋಡಿದ್ದೆ, ಈ ಆಟ ಕಿವಿಗೆ ಬಿದ್ದಿರಲಿಲ್ಲ. ಶನಿವಾರದ ಗದ್ದಲದಲ್ಲಿ ಅದೆಲ್ಲ ಮುಳುಗಿಹೋಗುತ್ತದೆ. ಅವತ್ತು ಚೆಂಡು ಒದ್ದಾಗ ಬರುವ ದಪ್ಪ ಸದ್ದು ಕೇಳಿಸಿತು. ಎದೆಗೆ ಎದೆ ತಾಗಿದಾಗ ಇಬ್ಬರ ಉಸಿರೂ ಹೊರಬಂದಿದ್ದು ಕೇಳಿಸಿತು. ನಮ್ಮ ಗೋಲ್‌ಕೀಪರ್ ಇಡೀ ಹೊತ್ತು ಮಾತಾಡುತ್ತಲೇ ಇದ್ದ. 'ಎಡಕ್ಕೆ, ಎಡಕ್ಕೆ!' 'ಸಮಯ ಇದೆ!' 'ಹಿಂದೆ ಇದ್ದಾನೆ!' ಚೆಂಡು ಆ ತುದಿಯಲ್ಲಿದ್ದರೂ ಬಿಡಲಿಲ್ಲ.

"ಅಪ್ಪಾ, ಅವರು ಯಾಕೆ ಎಲ್ಲರಿಗೂ ಬಯ್ತಿದ್ದಾರೆ?"

"ಬಯ್ತಿಲ್ಲ ಮಗಳೇ. ಬೇರೆಯವರಿಗೆ ಹಿಂದೆ ಕಾಣಲ್ಲ ಅಲ್ವಾ, ಅದಕ್ಕೆ ಅವರು ನೋಡಿ ಹೇಳ್ತಿದ್ದಾರೆ."

ಎರಡನೇ ಅರ್ಧದಲ್ಲಿ ಒಂದು ಹೊಡೆತ ಗೋಲಿನ ಮೇಲೆ ಹಾದು ನಮ್ಮ ಹಿಂದಿನ ಖಾಲಿ ಸೀಟುಗಳಿಗೆ ಬಡಿಯಿತು. ಪ್ಲಾಸ್ಟಿಕ್ ಸೀಟುಗಳು ಪಟಪಟ ಅಂದವು. ಚೆಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಮಗಳ ಕಾಲಿನ ಹತ್ತಿರ ನಿಂತಿತು. ಎರಡೂ ಕೈಯಲ್ಲಿ ತಬ್ಬಿ ಎತ್ತಿದಳು. ಒದ್ದೆ ಇತ್ತು, ಒಂದು ಹುಲ್ಲಿನ ಎಳೆ ಅಂಟಿತ್ತು. ಗೋಲ್‌ಕೀಪರ್ ತಿರುಗಿ ಕೈ ಚಾಚಿದ. ಇವಳು ಬಿಸಾಕಿದ್ದು ಎರಡು ಸಾಲು ದಾಟಲಿಲ್ಲ, ಮುಂದಿನವರು ಎತ್ತಿ ಕೊಟ್ಟರು. ಅವನು ಇವಳ ಕಡೆಗೇ ಹೆಬ್ಬೆರಳು ತೋರಿಸಿದ. ಆ ಹುಲ್ಲಿನ ಎಳೆ ಟಿಕೆಟ್ ಜೊತೆ ಅವಳ ಪೆನ್ಸಿಲ್ ಡಬ್ಬಿಯಲ್ಲಿ ಬಹಳ ದಿನ ಇತ್ತು. ತುಂಬಿದ ಮೈದಾನದಲ್ಲಿ, 35 ಪೌಂಡ್ ಸೀಟಿನಲ್ಲಿ, ಇದು ನಮಗೆ ಸಿಗುತ್ತಿರಲಿಲ್ಲ.

ಅದಾದ ಮೇಲೆ ಖಾಲಿ ರಾತ್ರಿಗಳ ಮೇಲಿನ ನನ್ನ ಸಿಟ್ಟು ಇಳಿಯಿತು. ಸಿಟ್ಟು ಈಗ ಬೇರೆ ಕಡೆ ತಿರುಗಿದೆ. ಅದು ರಿಪ್ಲೇ ತೆಗೆದಿದ್ದಕ್ಕೆ.

2023ರ ಜನವರಿಯಲ್ಲಿ ಎಫ್‌ಎ ಕಪ್ಪಿನಲ್ಲಿ ನಮ್ಮವರು ನಾಲ್ಕನೇ ಹಂತದ ಒಂದು ಕ್ಲಬ್ಬಿನ ಮೈದಾನದಲ್ಲಿ ಪಂದ್ಯ ಸಮ ಮಾಡಿಕೊಂಡು ಬಂದರು. ರಿಪ್ಲೇ ನಮ್ಮಲ್ಲಿ. ಮತ್ತೆ ಮಂಗಳವಾರ, ಮತ್ತೆ ನಮ್ಮ ಸ್ಟ್ಯಾಂಡ್‌ಗೆ ಬೀಗ. ನಮ್ಮ ಕಡೆ ಖಾಲಿ ಖಾಲಿ. ಆದರೆ ಎಫ್‌ಎ ಕಪ್ಪಿನಲ್ಲಿ ಹೊರಗಿನ ತಂಡಕ್ಕೆ ನೂರಕ್ಕೆ 15ರಷ್ಟು ಸೀಟು ಕೇಳುವ ಹಕ್ಕಿದೆ. ಅವರು ತಮ್ಮ ಭಾಗವನ್ನು ತುಂಬಿಸಿಬಿಟ್ಟಿದ್ದರು. ಬಸ್ಸು ಮಾಡಿಕೊಂಡು ಬಂದಿದ್ದರು. ತೊಂಬತ್ತು ನಿಮಿಷ ಹಾಡಿದರು, ಸೋತ ಮೇಲೂ ಹಾಡಿದರು. ಅಜ್ಜ ಅವತ್ತು ಅದೃಷ್ಟಕ್ಕೆ ನಮ್ಮ ಹಿಂದಿನ ಸಾಲಿನಲ್ಲೇ ಇದ್ದರು. ಎದ್ದು ನಿಂತು ಅವರ ಕಡೆಗೆ ಚಪ್ಪಾಳೆ ತಟ್ಟಿದರು. ಆಮೇಲೆ 1972ರ ಕಥೆ ಹೇಳಿದರು. ಲೀಗ್‌ನಲ್ಲೇ ಇಲ್ಲದ ಹೆರೆಫರ್ಡ್, ಮೊದಲ ದರ್ಜೆಯ ನ್ಯೂಕಾಸಲ್‌ನನ್ನು 2-1ರಿಂದ ಸೋಲಿಸಿದ ಕಥೆ. ಕೆಸರಿನಲ್ಲಿ ರೋನಿ ರಾಡ್‌ಫೋರ್ಡ್ ದೂರದಿಂದ ಹೊಡೆದ ಗೋಲನ್ನು ಅವರು ಆ ರಾತ್ರಿ ಟಿವಿಯಲ್ಲಿ ನೋಡಿದ್ದರಂತೆ. ಅದೂ ರಿಪ್ಲೇನೇ. ನ್ಯೂಕಾಸಲ್‌ನಲ್ಲಿ 2-2 ಆಗಿತ್ತು. ಈಗಿನ ನಿಯಮ ಇದ್ದಿದ್ದರೆ ಅವತ್ತೇ ಹೆಚ್ಚುವರಿ ಸಮಯದಲ್ಲೋ ಪೆನಾಲ್ಟಿಯಲ್ಲೋ ಮುಗಿದು, ಆ ಗೋಲೇ ಹುಟ್ಟುತ್ತಿರಲಿಲ್ಲ.

2024-25ರಿಂದ ಎಫ್‌ಎ ಕಪ್ಪಿನಲ್ಲಿ ಮೊದಲ ಸುತ್ತಿನಿಂದ ಮುಂದಕ್ಕೆ ರಿಪ್ಲೇ ಇಲ್ಲ. ಚಾಂಪಿಯನ್ಸ್ ಲೀಗ್ ದೊಡ್ಡದಾಯಿತು, ವಾರದ ಮಧ್ಯೆ ಜಾಗ ಇಲ್ಲ ಅನ್ನುವುದು ಕಾರಣ. ಜಾಗ ಸಾಲದಿದ್ದಿದ್ದು ಕೆಲವೇ ಕ್ಲಬ್‌ಗಳಿಗೆ, ಕಳಕೊಂಡಿದ್ದು ಎಲ್ಲರೂ. ಎಕ್ಸಟರ್ ಸಿಟಿಯ ಉದಾಹರಣೆ ನೋಡಿ. 2005ರ ಜನವರಿಯಲ್ಲಿ ಅವರು ಐದನೇ ಹಂತದಲ್ಲಿದ್ದರು. ತಲೆ ತುಂಬಾ ಸಾಲ, ಕ್ಲಬ್ಬನ್ನು ಅಭಿಮಾನಿಗಳೇ ಸೇರಿ ನಡೆಸುತ್ತಿದ್ದರು. ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 0-0. ರಿಪ್ಲೇನಲ್ಲಿ ಸೋತರು. ಆದರೆ ಆ ಎರಡು ಪಂದ್ಯದ ದುಡ್ಡು ಸಾಲದಿಂದ ಮೇಲೆತ್ತಲು ನೆರವಾಯಿತು. ಅಂಥ ಬಾಗಿಲನ್ನು ಮುಚ್ಚಿಬಿಟ್ಟು 'ಕಪ್ಪಿಗೆ ಯಾರೂ ಬೆಲೆ ಕೊಡಲ್ಲ' ಅಂದರೆ ನನಗೆ ನೋವಾಗುತ್ತದೆ.

ಬೆಲೆ ಕೊಡುವವರು ಇದ್ದಾರೆ. 2025ರಲ್ಲಿ ಲೀಗ್ ಕಪ್ ಗೆದ್ದ ನ್ಯೂಕಾಸಲ್‌ನವರನ್ನು ಕೇಳಿ, ದೇಶದೊಳಗಿನ ಕಪ್ಪಿಗಾಗಿ ಎಪ್ಪತ್ತು ವರ್ಷ ಕಾದವರು. ಅದೇ ವರ್ಷ ಮೇ ತಿಂಗಳಲ್ಲಿ ಕ್ರಿಸ್ಟಲ್ ಪ್ಯಾಲೆಸ್ 1-0ರಿಂದ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಎತ್ತಿತು. ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ದೊಡ್ಡ ಕಪ್. ಫೈನಲ್ ನಡೆದ ವೆಂಬ್ಲಿ ಮೈದಾನದಲ್ಲಿ ಅಪ್ಪ ಮಗ ತಬ್ಬಿಕೊಂಡು ಅಳುತ್ತಿದ್ದಿದ್ದನ್ನು ಟಿವಿಯಲ್ಲಿ ತೋರಿಸಿದಾಗ ನಾನೂ ಕಣ್ಣು ಒರೆಸಿಕೊಂಡೆ.

ಈಗ ಸ್ಕೀಮ್ ತಗೋಬೇಕಾ ಬೇಡವಾ? ದೊಡ್ಡ ಪಂದ್ಯ ಮಾತ್ರ ನೋಡುವವರಾದರೆ ತಗೊಳ್ಳಿ, ಆ ದಿನ ಟಿಕೆಟ್‌ಗೆ ಒದ್ದಾಡಬೇಕಾಗಿಲ್ಲ. ಕೆಲಸದಿಂದ ರಾತ್ರಿ ಏಳರೊಳಗೆ ಹೊರಡಲು ಆಗದವರು ಸೇರಬೇಡಿ, ಸುಮ್ನೆ ದುಡ್ಡು ಹೋಗುತ್ತದೆ. ಚಿಕ್ಕ ಮಕ್ಕಳಿದ್ದರೆ ಸ್ಕೀಮ್ ಬೇಕಾಗಿಲ್ಲ, ಆಗಸ್ಟ್‌ನ ಲೀಗ್ ಕಪ್ ಪಂದ್ಯಕ್ಕೆ ಬಿಡಿ ಟಿಕೆಟ್ ತಗೊಂಡು ಗೋಲಿನ ಹಿಂದೆ ಕೂರಿಸಿ. ಸೀಟಿನ ವಿಷಯದಲ್ಲಿ ಕ್ಲಬ್ ಮಾಡಬಹುದಾದ ಕೆಲಸ ಸಣ್ಣದು. ಸ್ಟ್ಯಾಂಡ್ ಮುಚ್ಚಲಿ, ಆದರೆ ಅಕ್ಕಪಕ್ಕ ಕೂರುವವರನ್ನು ಅಕ್ಕಪಕ್ಕವೇ ಕೂರಿಸಲಿ. ಇದನ್ನು ಎರಡು ಸಲ ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಐದರಲ್ಲಿ ಮೂರು ಸ್ಟಾರ್.

ನಿನ್ನೆ ಸಂಜೆ ಅಜ್ಜನಿಗೆ ಫೋನ್ ಮಾಡಿದೆ. ಅವರೂ ಇನ್ನೂ ಟಿಕ್ ಹಾಕಿರಲಿಲ್ಲ. ಮೊಣಕಾಲು ನೋವು, ಮೇಲಿನ ಅಂತಸ್ತಿನ ಮೆಟ್ಟಿಲು ಈಗ ಕಷ್ಟ ಅಂದರು. ಪಕ್ಕದಲ್ಲಿ ಮಗಳು ಕೇಳಿಸಿಕೊಳ್ಳುತ್ತಿದ್ದಳು. ಫೋನ್ ಇಟ್ಟ ಮೇಲೆ ಲ್ಯಾಪ್‌ಟಾಪ್ ತಗೊಂಡು ಬಂದು ಫಾರಂ ತೆಗೆದಳು. ನಾನು ಟಿಕ್ ಹಾಕಿದೆ. ಕೆಳಗೆ 'ಇತರೆ ಕೋರಿಕೆ' ಅಂತ ಒಂದು ಖಾಲಿ ಜಾಗ ಇದೆ. ಇಷ್ಟು ವರ್ಷ ನಾನು ಅದನ್ನು ನೋಡಿಯೇ ಇರಲಿಲ್ಲ. ಅವಳೇ ಟೈಪ್ ಮಾಡಿದಳು: ಗೋಲಿನ ಹಿಂದೆ, ಐದನೇ ಸಾಲು, ಮೂರು ಸೀಟು ಒಟ್ಟಿಗೆ.