ಬಿಐಇಸಿಗೆ ಹೋದರೆ ಉಳಿಯೋದೆಲ್ಲಿ? ಮಾದಾವರ, ಮೆಜೆಸ್ಟಿಕ್, ಮಲ್ಲೇಶ್ವರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಲ್ಲೇಶ್ವರಕ್ಕೆ.

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಜನವರಿ ಬಂತೆಂದರೆ ಬೆಂಗಳೂರಿನ ಇಮ್‌ಟೆಕ್ಸ್ ಎಂಬ ಮಷಿನ್‌ಗಳ ಎಕ್ಸಿಬಿಷನ್ ನೋಡಲು ಹೊರಡುತ್ತೇನೆ. ಅದು ನಡೆಯುವುದು ತುಮಕೂರು ರಸ್ತೆಯ ಮಾದಾವರದಲ್ಲಿರುವ ಬಿಐಇಸಿಯಲ್ಲಿ, ಅಂದರೆ ಬೆಂಗಳೂರು ಅಂತರರಾಷ್ಟ್ರೀಯ ಎಕ್ಸಿಬಿಷನ್ ಸೆಂಟರಿನಲ್ಲಿ. ಒಂದು ವರ್ಷ ಲೋಹ ಕತ್ತರಿಸುವ ಕಟಿಂಗ್ ಮಷಿನ್‌ಗಳು, ಮರುವರ್ಷ ಲೋಹವನ್ನು ಒತ್ತಿ, ಬಗ್ಗಿಸಿ ಆಕಾರ ಕೊಡುವ ಫಾರ್ಮಿಂಗ್ ಮಷಿನ್‌ಗಳು. ಹಗಲೆಲ್ಲ ಹಾಲ್‌ನಿಂದ ಹಾಲ್‌ಗೆ ನಡೆದರೂ ಸಂಜೆ ಊರು ಸುತ್ತುವ ಆಸೆ ನನಗೆ ಬಿಡುವುದಿಲ್ಲ. ಮೂರೂ ಕಡೆ ಉಳಿದು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆಯ ಬಸ್ಸು ನೆಲಮಂಗಲ ದಾಟಿ ಬಿಐಇಸಿ ಮುಂದೆಯೇ ಬರುತ್ತದೆ. ಹಾಗಾಗಿ ಅಲ್ಲೇ ಇಳಿದು ಅಲ್ಲೇ ಉಳಿಯೋಣ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ನಾನು ಹೆದ್ದಾರಿ ಪಕ್ಕದ ಒಂದು ಲಾಡ್ಜ್‌ಗೆ ಫೋನ್ ಮಾಡಿದೆ. "ಎದುರಿಗೇ ಸಾರ್, ನಡ್ಕೊಂಡೇ ಹೋಗಬಹುದು" ಅಂದರು.

ಆ ನಡಿಗೆಯೇ ನನ್ನನ್ನು ಸುಸ್ತು ಮಾಡಿದ್ದು. ರೂಮಿನಿಂದ ಹಾಲ್‌ಗಳ ಛಾವಣಿ ಕಾಣುತ್ತಿತ್ತು, ಆದರೆ ನಡುವೆ ಹೆದ್ದಾರಿ, ಅದರ ಎರಡೂ ಬದಿಗೆ ಸರ್ವಿಸ್ ರೋಡ್. ರಸ್ತೆಯನ್ನು ನೇರವಾಗಿ ದಾಟುವ ಮಾತೇ ಇಲ್ಲ, ಲಾರಿಗಳು ಆ ವೇಗದಲ್ಲಿ ಬರುತ್ತವೆ. ಮಾದಾವರ ಮೆಟ್ರೋ ಸ್ಟೇಷನ್ ತನಕ ನಡೆದು, ಮೆಟ್ಟಿಲು ಹತ್ತಿ, ಆ ಕಡೆ ಇಳಿದು, ಮತ್ತೆ ನಡೆಯಬೇಕು. ಸರ್ವಿಸ್ ರೋಡಿನಲ್ಲಿ ನಾನು ನಡೆದ ಕಡೆ ಫುಟ್‌ಪಾತ್ ಇರಲಿಲ್ಲ. ಸಾಲಾಗಿ ನಿಂತ ಲಾರಿಗಳು, ಧೂಳು, ರಾಂಗ್ ಸೈಡಿನಲ್ಲಿ ಬರುವ ಬೈಕುಗಳು.

ಬೆಳಿಗ್ಗೆಯಾದರೆ ಹೇಗೋ ಆಯಿತು. ಸಂಜೆ ಕತ್ತಲಲ್ಲಿ, ಎರಡೂ ಕೈಯಲ್ಲಿ ಕ್ಯಾಟಲಾಗ್ ತುಂಬಿದ ಚೀಲ ಹಿಡಿದು ನಡೆಯುವುದು ನಿಜಕ್ಕೂ ಕಷ್ಟ. ಆಟೋ ಕೇಳಿದರೆ ಮುಂದೆ ಹೋಗಿ ಯೂಟರ್ನ್ ಹೊಡೆದು ಬರಬೇಕು, ಡಬಲ್ ಕೊಡಿ ಅನ್ನುತ್ತಾರೆ, ಇಲ್ಲವೇ ಇಷ್ಟು ಹತ್ತಿರಕ್ಕೆ ಬರಲ್ಲ ಅನ್ನುತ್ತಾರೆ. ಒಮ್ಮೆ ರೂಮು ಸೇರಿದರೆ ಮತ್ತೆ ಹೊರಗೆ ಕಾಲಿಡಲು ಮನಸ್ಸೇ ಬರುತ್ತಿರಲಿಲ್ಲ. ಬೆಂಗಳೂರಿಗೆ ಬಂದೂ ಬೆಂಗಳೂರು ನೋಡಿದಂತಾಗಲಿಲ್ಲ. ಎಕ್ಸಿಬಿಷನ್ ವಾರ ಅಂತ ಬಾಡಿಗೆ ಬೇರೆ ಜಾಸ್ತಿ.

ಮೊದಲು ಮೆಟ್ರೋದ ಹಸಿರು ಮಾರ್ಗ ನಾಗಸಂದ್ರಕ್ಕೇ ಮುಗಿಯುತ್ತಿತ್ತು. ಅಲ್ಲಿಂದ ಆಟೋನೋ ಬಸ್ಸೋ ಹಿಡಿಯಬೇಕಿತ್ತು, ಆಗ ಹತ್ತಿರ ಉಳಿಯುವುದಕ್ಕೆ ಒಂದು ಅರ್ಥ ಇತ್ತು. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದ ತನಕ ಬಂದ ಮೇಲೆ ಲೆಕ್ಕವೇ ಬದಲಾಗಿದೆ.

ಮೆಜೆಸ್ಟಿಕ್ ಪಕ್ಕದ ಗಾಂಧಿನಗರ ಜೇಬಿಗೆ ಹಗುರ. ರೈಲು, ಬಸ್ಸು, ಎರಡೂ ಮೆಟ್ರೋ ಮಾರ್ಗ ಕೈಗೆ ಸಿಗುತ್ತವೆ. ನೇರಳೆ ಮಾರ್ಗ ಹಿಡಿದು ಕಬ್ಬನ್ ಪಾರ್ಕಿನಲ್ಲಿ ಇಳಿದರೆ ವಿಶ್ವೇಶ್ವರಯ್ಯ ಮ್ಯೂಸಿಯಂ ಹತ್ತಿರ, ಮಷಿನ್ ಪ್ರೀತಿಸುವವರು ತಪ್ಪಿಸಿಕೊಳ್ಳಲೇಬಾರದು. ಟೂಲ್ಸ್ ಕೊಳ್ಳಲು ಎಸ್.ಪಿ. ರಸ್ತೆಯೂ ದೂರವಿಲ್ಲ. ಆದರೆ ರಾತ್ರಿಯೆಲ್ಲ ಹಾರ್ನ್ ಸದ್ದು. ನನಗೆ ನಿದ್ದೆ ಮುಖ್ಯ.

ಇನ್ನು ಮಲ್ಲೇಶ್ವರ. ಸಂಪಿಗೆ ರಸ್ತೆ ಸ್ಟೇಷನ್ನಿನಿಂದ ಮಾದಾವರಕ್ಕೆ ಸುಮಾರು ಅರ್ಧ ಗಂಟೆ, ಎಲ್ಲೂ ಬದಲಾಯಿಸಬೇಕಿಲ್ಲ. ಬೆಳಿಗ್ಗೆ ಸಿಟಿಆರ್ ಹೋಟೆಲಿನಲ್ಲಿ ಬೆಣ್ಣೆ ಮಸಾಲೆ ದೋಸೆ, ಇಲ್ಲವೇ ವೀಣಾ ಸ್ಟೋರ್ಸ್ ಮುಂದೆ ನಿಂತುಕೊಂಡೇ ಇಡ್ಲಿ ಚಟ್ನಿ, ಆಮೇಲೆ ಮೆಟ್ರೋ. ಸಂಜೆ ವಾಪಸ್ಸು ಬರುವಾಗ ಮಾದಾವರವೇ ಮೊದಲ ಸ್ಟೇಷನ್ ಆದ್ದರಿಂದ ಕೂರಲು ಸೀಟು ಸಿಗುತ್ತದೆ, ದಿನವಿಡೀ ನಿಂತ ಕಾಲಿಗೆ ಅದು ದೊಡ್ಡ ಉಪಕಾರ. ಸ್ಮಾರ್ಟ್ ಕಾರ್ಡ್ ಮಾತ್ರ ಇಟ್ಟುಕೊಳ್ಳಿ, ಎಕ್ಸಿಬಿಷನ್ ಬಿಡುವ ಹೊತ್ತಿಗೆ ಟಿಕೆಟ್ ಸಾಲು ಉದ್ದ ಇರುತ್ತದೆ. ರೂಮಿಗೆ ಚೀಲ ಎಸೆದು ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಹೋಗುತ್ತೇನೆ. ಎದುರಿಗಿನ ನಂದಿ ತೀರ್ಥದಲ್ಲಿ ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತಲೇ ಇರುತ್ತದೆ, ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಎಂಟನೇ ಕ್ರಾಸಿನಲ್ಲಿ ಮನೆಗೆ ಏನಾದರೂ ಕೊಂಡು ತರುವುದೂ ಇಲ್ಲಿಂದಲೇ.

ಜನವರಿ ಕೊನೆಗೆ ಹೋದರೆ ಇನ್ನೊಂದು ಲಾಭ ಇದೆ, ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ. ಅದೇ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ಸ್ಟೇಷನ್. ಗಾಜಿನ ಮನೆಯ ಹತ್ತಿರ ನೂಕುನುಗ್ಗಲು ಜಾಸ್ತಿ, ರಜೆ ದಿನ ಬಿಟ್ಟು ಹೋಗಿ. ಹೂವು ನೋಡಿಯಾದ ಮೇಲೆ ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿ, ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು.

ಮಲ್ಲೇಶ್ವರದಲ್ಲಿ ಬಾಡಿಗೆ ಗಾಂಧಿನಗರಕ್ಕಿಂತ ಹೆಚ್ಚು, ರೂಮುಗಳೂ ಕಡಿಮೆ. ಆದರೂ ಹೆದ್ದಾರಿ ಲಾಡ್ಜ್‌ನ ಎಕ್ಸಿಬಿಷನ್ ವಾರದ ರೇಟು, ಆಟೋ ಖರ್ಚು ಕೂಡಿಸಿದರೆ ಮೆಟ್ರೋ ಟಿಕೆಟ್ ಸೇರಿಸಿಯೂ ನನಗೆ ಇಲ್ಲೇ ಕಡಿಮೆಯಾಯಿತು. ಸ್ಟಾಲ್ ಹಾಕುವವರು, ರಾತ್ರಿ ತಡವಾಗಿ ಮಷಿನ್ ಇಳಿಸುವವರು, ಸ್ವಂತ ಕಾರಿನಲ್ಲಿ ಬರುವವರು ಮಾದಾವರದಲ್ಲೇ ಉಳಿಯಲಿ, ಅವರಿಗೆ ಅದೇ ಸರಿ. ನನ್ನ ಹಾಗೆ ಚೀಲ ಹೊತ್ತು ಬಸ್ಸಿನಲ್ಲಿ ಬರುವವರು ಸಂಪಿಗೆ ರಸ್ತೆ ಸುತ್ತಮುತ್ತ ರೂಮು ಹುಡುಕಿ, ಜನವರಿಯ ಷೋಗೆ ನವೆಂಬರಿನಲ್ಲೇ ಫೋನ್ ಮಾಡಿ.