ಫಿನ್‌ಲ್ಯಾಂಡಿಗೆ ಹೊರಟ ನರ್ಸ್‌ಗಳ ತರಬೇತಿ: ಕಾಗದಪತ್ರಕ್ಕೆ ಪೂರ್ಣ ಅಂಕ, ‘ಆಯ್ತು’ ಪಾಠ ಬಾಕಿ

ಮಂಗಳೂರಿನ ಕಂಕನಾಡಿ ಬಳಿಯ ಒಂದು ಕೇಂದ್ರ ನಡೆಸುವ ಎರಡು ದಿನದ ಈ ತರಬೇತಿಯಲ್ಲಿ ಕಾಗದಪತ್ರದ ಭಾಗ ಗಟ್ಟಿಯಾಗಿದೆ. ಎಷ್ಟು ತೆರಿಗೆ ಹಿಡಿಯಬೇಕೆಂದು ತಿಳಿಸುವ ತೆರಿಗೆ ಕಾರ್ಡನ್ನು ಮೊದಲ ಸಂಬಳದೊಳಗೆ ಕೊಡದಿದ್ದರೆ ಸಂಬಳದಲ್ಲಿ ಶೇ 60 ತೆರಿಗೆಗೆ ಕಡಿತವಾಗುತ್ತದೆ, ಪ್ರೊಬೇಷನ್ 6 ತಿಂಗಳವರೆಗೂ ಇರಬಹುದು, ವಾರ್ಷಿಕ ರಜೆಯ ಲೆಕ್ಕಕ್ಕೆ ಸಾಮಾನ್ಯವಾಗಿ ಶನಿವಾರವೂ ಸೇರುತ್ತದೆ. ಇದೆಲ್ಲ ಸರಿಯಾಗಿ ಹೇಳಿಕೊಡುತ್ತಾರೆ.

ಆದರೆ ಜನರ ಸ್ವಭಾವವನ್ನು ‘ಫಿನ್ನರು ಮಾತು ಕಮ್ಮಿ’ ಎಂಬ ಒಂದೇ ಸ್ಲೈಡಿನಲ್ಲಿ ಮುಗಿಸಿರುವುದು ದೊಡ್ಡ ಕೊರತೆ. ವಾರ್ಡಿನಲ್ಲಿ ಎಡವುವುದೇ ಅಲ್ಲಿ. ಪ್ರಶ್ನೆ ಕೇಳಿದ ಮೇಲೆ ಫಿನ್ನರು ಸುಮ್ಮನಾದರೆ ಅದು ಸಿಟ್ಟಲ್ಲ, ಯೋಚನೆ. ನಾವು ಗಾಬರಿಯಾಗಿ ಆ ಮೌನವನ್ನು ಮಾತಿನಿಂದ ತುಂಬಿಸುತ್ತೇವೆ, ಬರಬೇಕಿದ್ದ ಉತ್ತರ ಅಲ್ಲೇ ನಿಲ್ಲುತ್ತದೆ. ಕೆಲವರು ಉಸಿರು ಒಳಗೆಳೆದುಕೊಂಡು ‘ಯೋ’ ಅನ್ನುತ್ತಾರೆ. ಅದು ‘ಹೌದು’, ಬೆಚ್ಚಿಬಿದ್ದದ್ದಲ್ಲ.

ಇನ್ನು ನಮ್ಮ ‘ಆಯ್ತು’. ಮಂಗಳೂರಿನ ಆಸ್ಪತ್ರೆಯಲ್ಲಿ ‘ಆಯ್ತು ಮೇಡಂ’ ಅಂದರೆ ಎಷ್ಟೋ ಸಲ ‘ಕೇಳಿಸಿತು’ ಎಂದಷ್ಟೇ ಅರ್ಥ. ಫಿನ್‌ಲ್ಯಾಂಡಿನಲ್ಲಿ ಅದು ‘ಅರ್ಥವಾಗಿದೆ, ನಾನೇ ಮಾಡುತ್ತೇನೆ’ ಎಂಬ ಮಾತು ಕೊಟ್ಟ ಹಾಗೆ. ಡ್ರಿಪ್ ಮದ್ದು ಹರಿಸುವ, ಗೊತ್ತಿಲ್ಲದ ಇನ್‌ಫ್ಯೂಷನ್ ಪಂಪಿಗೆ ತಲೆಯಾಡಿಸಿ, ಆಮೇಲೆ ತಪ್ಪಾದರೆ ಕಳೆದುಕೊಳ್ಳುವುದು ನಂಬಿಕೆಯನ್ನೇ. ‘ಇದನ್ನು ಮಾಡಿಲ್ಲ, ಒಮ್ಮೆ ತೋರಿಸಿ’ ಎಂದರೆ ಯಾರೂ ಕೀಳಾಗಿ ನೋಡುವುದಿಲ್ಲ. ವಾರ್ಡಿನ ಇನ್‌ಚಾರ್ಜನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅವರು ಬೆನ್ನಹಿಂದೆ ನಿಂತು ನೋಡುವುದು ಕಡಿಮೆ, ಕೆಲಸ ಎಲ್ಲಿಗೆ ಬಂತು ಎಂದು ನಾವೇ ಹೇಳಬೇಕು.

ಕಾಫಿ ವಿರಾಮದ ಬಗ್ಗೆ ತರಬೇತಿಯಲ್ಲಿ ಒಂದು ಮಾತೂ ಇಲ್ಲ! ತಲಾ ಕಾಫಿ ಬಳಕೆಯಲ್ಲಿ ಜಗತ್ತಿನ ಮುಂಚೂಣಿಯ ದೇಶ ಅದು. ಹಗುರವಾಗಿ ಹುರಿದ, ಚಿಕೋರಿಯಿಲ್ಲದ ತೆಳು ಕಾಫಿ ನಮ್ಮ ನಾಲಿಗೆಗೆ ಸಪ್ಪೆ ಅನಿಸೀತು. ಆದರೂ ಆ ಹತ್ತು ನಿಮಿಷ ಮೊಬೈಲ್ ಹಿಡಿದು ಮೂಲೆ ಸೇರಬಾರದು. ಸಹೋದ್ಯೋಗಿಗಳ ಪರಿಚಯ ಆಗುವುದು ಆ ಮೇಜಿನಲ್ಲೇ, ಸುಮ್ಮನೆ ಕೂತರೂ ಸಾಕು. ಶಿಫ್ಟ್ ಮುಗಿದ ಮೇಲೂ ಉಳಿದರೆ ಇಲ್ಲಿ ನಿಷ್ಠೆ ಅನ್ನುತ್ತಾರೆ, ಅಲ್ಲಿ ಡ್ಯೂಟಿ ಪಟ್ಟಿಯೇ ಸರಿಯಿಲ್ಲವೇನೋ ಎಂಬ ಪ್ರಶ್ನೆ ಏಳುತ್ತದೆ.

ಭಾಷೆಗೆ ಕೊಟ್ಟಿರುವುದು ಬರೀ ನಮಸ್ಕಾರ, ಧನ್ಯವಾದದಷ್ಟು. ಶಿಫ್ಟ್ ಬದಲಾಗುವಾಗಿನ ವರದಿ (ಹ್ಯಾಂಡ್‌ಓವರ್) ಫಿನ್ನಿಷ್‌ನಲ್ಲೇ ನಡೆಯುವುದರಿಂದ ಇದು ಏನೇನೂ ಸಾಲದು. ಎರಡನೇ ದಿನದ ಮಧ್ಯಾಹ್ನ ಹೆಲ್ಸಿಂಕಿಯ ಫೋಟೋ ತೋರಿಸುವ ಒಂದು ಗಂಟೆಯನ್ನು ಹ್ಯಾಂಡ್‌ಓವರ್ ಅಭ್ಯಾಸಕ್ಕೆ ಕೊಡಲಿ. ಅಲ್ಲಿಯವರೆಗೆ ಕಾಗದಪತ್ರದ ಮೊದಲ ದಿನಕ್ಕಷ್ಟೇ ಸೇರಿ, ಭಾಷೆಯನ್ನು ಬೇರೆ ಕಡೆ ಕಲಿಯಿರಿ.